ಕಹಳೆಯಿಂದ ಕ್ಯಾಸೆಟ್ಟಿಗೆ: ಹಾನಗಲ್ ಸೀಮೆಯ ದನಿಯ ಚರಿತ್ರೆ

ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫರು 1889ರಲ್ಲಿ ತೀರಿಕೊಂಡರು. ಥಾಮಸ್ ಎಡಿಸನ್ ಮಾತನ್ನು ಹಿಡಿದಿಡುವ ಫೋನೋಗ್ರಾಫ್ ಯಂತ್ರವನ್ನು ಕಟ್ಟಿ ಆಗಲೇ ಹನ್ನೆರಡು ವರ್ಷ ಕಳೆದಿತ್ತು. ಆ ಯಂತ್ರ ಶರೀಫರ ಬಳಿಗೆ ಬರಲಿಲ್ಲ. ಅವರ ಪದಗಳು ಉಳಿದದ್ದು ಭಜನೆಯವರ ಬಾಯಲ್ಲಿ. ಏಕತಾರಿಯ ಒಂದೇ ತಂತಿ, ದಮ್ಮಡಿ, ತಾಳ ಇಷ್ಟನ್ನೇ ನೆಚ್ಚಿಕೊಂಡು ಊರಿಂದ ಊರಿಗೆ, ತಲೆಮಾರಿನಿಂದ ತಲೆಮಾರಿಗೆ ದಾಟಿದವು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಧ್ವನಿ ತಂತ್ರಜ್ಞಾನದ ಚರಿತ್ರೆ ಹೇಳುವಾಗ ಯಂತ್ರಕ್ಕಿಂತ ಮೊದಲು ಈ ನೆನಪಿನ ಬಲವನ್ನು ಹೇಳಬೇಕಾಗುತ್ತದೆ.

ಬಯಲಲ್ಲಿ ಹಾಡುವವರಿಗೆ ದನಿಯನ್ನು ದೂರ ಮುಟ್ಟಿಸುವ ಉಪಾಯಗಳು ಗೊತ್ತಿದ್ದವು. ಗೀಗೀ ಮೇಳದಲ್ಲಿ ಮುಂದಿನವರು ಸಾಲು ಎತ್ತಿಕೊಡುತ್ತಾರೆ, ಹಿಂದಿನವರು ಗೀಗೀ ಎಂದು ಅದನ್ನು ತುಂಬಿಕೊಡುತ್ತಾರೆ. ಆ ಹೊತ್ತಿನಲ್ಲಿ ಹಾಡುಗಾರನಿಗೆ ಉಸಿರು ಸಿಗುತ್ತದೆ, ದೂರ ಕುಳಿತವರಿಗೆ ಪಲ್ಲವಿ ಕೇಳುತ್ತದೆ. ಮೊಹರಮ್ಮಿನ ರಿವಾಯತ ಪದಗಳಲ್ಲೂ ಸೋಬಾನೆಯಲ್ಲೂ ಇದೇ ಹಂಚಿಕೆ. ದೊಡ್ಡಾಟದಲ್ಲಿ ಮದ್ದಳೆಯ ಪೆಟ್ಟು ಹೆಜ್ಜೆಯ ಸಪ್ಪಳವನ್ನು ಹಿಗ್ಗಿಸುತ್ತದೆ. ಈಗ ಧ್ವನಿವಿನ್ಯಾಸ ಎಂದು ಕರೆಯುವ ಕಸುಬಿನ ಮೂಲ ಪಾಠಗಳು ಇಲ್ಲಿಯೇ ಇವೆ: ಯಾವ ಸದ್ದು ಮುಂದಿರಬೇಕು, ಯಾವುದು ಹಿಂದಿರಬೇಕು, ಎಲ್ಲಿ ಮೌನ ಬೇಕು.

ಭಾರತದಲ್ಲಿ ಗ್ರಾಮಫೋನ್ ಕಂಪನಿಯ ಮೊದಲ ಧ್ವನಿಮುದ್ರಣ ನಡೆದದ್ದು 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಫ್ರೆಡ್ ಗೈಸ್‌ಬರ್ಗ್ ಆಗ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡ. ಅಂದಿನ ವಿಧಾನದಲ್ಲಿ ವಿದ್ಯುತ್ತಿಲ್ಲ, ಮೈಕ್ ಇಲ್ಲ. ಹಾಡುವವರು ದೊಡ್ಡ ಕಹಳೆಯೊಳಕ್ಕೆ ಮುಖ ಒಡ್ಡಿ ಗಟ್ಟಿಯಾಗಿ ಹಾಡಬೇಕು. ದನಿಯ ಒತ್ತಡಕ್ಕೆ ಕಹಳೆಯ ತುದಿಯ ಪೊರೆ ಅದುರಿ, ಅದಕ್ಕೆ ಅಂಟಿದ ಸೂಜಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ತಟ್ಟೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಚ್ಚಾಗಿ ಬರಬೇಕಿತ್ತು. ಅಲ್ಲಿಯವರಿಗೆ ಯಾರ ಹಾಡೆಂದು ತಿಳಿಯಲಿ ಎಂದು ಹಾಡು ಮುಗಿದೊಡನೆ ಹಾಡಿದವರು ತಮ್ಮ ಹೆಸರು ಹೇಳುವ ರೂಢಿ ಇತ್ತು. 1925ರಿಂದ ವಿದ್ಯುತ್ ಮೈಕ್ ಬಳಕೆಗೆ ಬಂದು ಕೂಗುವ ಅಗತ್ಯ ತಪ್ಪಿತು. ತಂಬೂರಿಯ ಝೇಂಕಾರ, ಮೆಲ್ಲನೆಯ ಮೀಂಡ್ ಕೂಡ ತಟ್ಟೆಯೊಳಗೆ ಇಳಿಯುವಂತಾಯಿತು.

ಹಾನಗಲ್ ಸೀಮೆ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಸವಣೂರು ಮಾತ್ರ 1948ರವರೆಗೆ ನವಾಬರ ಪುಟ್ಟ ಸಂಸ್ಥಾನ. ಹಾಗಾಗಿ ಇಲ್ಲಿನ ಕಲಾವಿದರಿಗೆ ಧ್ವನಿಮುದ್ರಣದ ದಾರಿ ಮದ್ರಾಸಿಗಿಂತ ಮುಂಬಯಿಗೆ ಹತ್ತಿರವಾಗಿತ್ತು. ಅದಕ್ಕೆ ದೊಡ್ಡ ನಿದರ್ಶನ ಗಂಗೂಬಾಯಿ ಹಾನಗಲ್. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರ ಹೆಸರಿಗೆ ಅಂಟಿದ್ದು ಪೂರ್ವಿಕರ ಊರು. ಮೊದಲ ಗುರು ಹುಲಗೂರು ಕೃಷ್ಣಾಚಾರ್ಯರ ಹೆಸರಿನಲ್ಲಿ ಶಿಗ್ಗಾವಿ ತಾಲ್ಲೂಕಿನ ಹುಲಗೂರು ಇದೆ. ಮುಂದಿನ ಮುಖ್ಯ ಗುರು ಕುಂದಗೋಳದ ಸವಾಯಿ ಗಂಧರ್ವರು. 1930ರ ದಶಕದಲ್ಲಿ ಎಚ್‌ಎಂವಿ ಕಂಪನಿ ಗಂಗೂಬಾಯಿ ಅವರ ಹಾಡುಗಳನ್ನು ಮುದ್ರಿಸಿತು. ಮೊದಮೊದಲ ತಟ್ಟೆಗಳ ಮೇಲೆ ಅಚ್ಚಾದ ಹೆಸರು ‘ಗಾಂಧಾರಿ’.

ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಿಂಚಿನ ತಟ್ಟೆಯ ಒಂದು ಬದಿಗೆ ಹಿಡಿಯುವುದು ಸುಮಾರು ಮೂರು ನಿಮಿಷ. ಒಂದು ಗಂಟೆ ಬೆಳೆಸಬಹುದಾದ ಖಯಾಲನ್ನು ಅಷ್ಟರಲ್ಲಿ ಮುಗಿಸಬೇಕು. ರಾಗದ ಮುಖ ಒಂದೆರಡು ಸ್ವರಗಳಲ್ಲೇ ಕಾಣಬೇಕು, ಬಂದಿಶ್ ತಡವಿಲ್ಲದೆ ಶುರುವಾಗಬೇಕು, ತಾನುಗಳು ಎಣಿಸಿಟ್ಟ ಹಾಗೆ ಬರಬೇಕು. ಯಂತ್ರದ ಮಿತಿಯೇ ಹಾಡಿಕೆಗೆ ಹೊಸ ಅಡಕವನ್ನು ಕಲಿಸಿತು. ಮುಂದೆ ಗಂಟಲಿನ ಚಿಕಿತ್ಸೆಯಾದ ಮೇಲೆ ಗಂಗೂಬಾಯಿ ಅವರ ದನಿ ಗಡುಸಾಗಿ, ಗಂಭೀರವಾಗಿ ಬದಲಾಯಿತು. ನಾಡೆಲ್ಲ ಬಲ್ಲದ್ದು ಆ ದನಿಯನ್ನೇ. ಅದಕ್ಕೂ ಮೊದಲಿನ ತೆಳುವಾದ, ಎತ್ತರದ ದನಿ ಹೇಗಿತ್ತೆಂದು ಇಂದು ಸಾಕ್ಷಿ ಹೇಳುವುದು ಅರಗು ಬೆರೆಸಿ ಮಾಡಿದ ಆ ಹಳೆಯ ತಟ್ಟೆಗಳು.

ಇದೇ ಕಾಲಕ್ಕೆ ಕಿವಿಯಿಂದ ಕಿವಿಗೆ ದಾಟುವ ವಿದ್ಯೆಯೂ ಬಲವಾಗಿಯೇ ಇತ್ತು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಹಾನಗಲ್ ಕುಮಾರಸ್ವಾಮಿಗಳು ಆ ಬಾಲಕನ ಕಂಠವನ್ನು ಗುರುತಿಸಿ ಸಂಗೀತ ಕಲಿಯಲು ಏರ್ಪಾಡು ಮಾಡಿದರು. ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳನ್ನು ಸಾಕಿ ವಿದ್ಯೆ ಕೊಟ್ಟರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು ಆ ಭಾರ ಹೊತ್ತರು. ಪುಸ್ತಕ ನೋಡಲಾಗದ ಮಕ್ಕಳಿಗೆ ಗುರುವಿನ ದನಿಯೇ ಗ್ರಂಥ. ಒಂದು ಪಲುಕನ್ನು ಹತ್ತಾರು ಸಲ ಕೇಳಿ, ಹಾಗೆಯೇ ತಿರುಗಿಸಿ ಹಾಡಿ ಗಟ್ಟಿ ಮಾಡಿಕೊಳ್ಳುವ ಈ ಪದ್ಧತಿ ಯಾವ ಮುದ್ರಣಯಂತ್ರಕ್ಕೂ ಕಡಿಮೆಯದಲ್ಲ.

ನಾಟಕ ಕಂಪನಿಗಳು ಧ್ವನಿಯ ಕೈಕಸುಬಿನ ಶಾಲೆಗಳಾಗಿದ್ದವು. ಆಶ್ರಮವನ್ನು ನಡೆಸಲು ಪುಟ್ಟರಾಜ ಗವಾಯಿಗಳೂ ನಾಟಕ ಕಂಪನಿ ಕಟ್ಟಿದರು. ಮೈಕ್ ಬರುವ ಮೊದಲು ಥಿಯೇಟರಿನ ಕಟ್ಟಕಡೆಯ ಸಾಲಿಗೆ ಮಾತು ಮುಟ್ಟಿಸುವ ಹೊಣೆ ನಟನ ಎದೆಯದು. ರಂಗಗೀತೆಗಳ ಶ್ರುತಿ ಎತ್ತರದಲ್ಲಿರುತ್ತಿದ್ದುದಕ್ಕೆ ಇದೂ ಒಂದು ಕಾರಣ. ಕಾಲಿನಿಂದ ಗಾಳಿ ಊದುವ ಲೆಗ್ ಹಾರ್ಮೋನಿಯಂ ಮಾಸ್ತರನ ಎರಡೂ ಕೈಗಳಿಗೆ ಬಿಡುವು ಮಾಡಿಕೊಡುತ್ತಿತ್ತು. ಗುಡುಗು ಬೇಕಾದಾಗ ಪರದೆಯ ಹಿಂದೆ ತಗಡನ್ನು ಹಿಡಿದು ಅಲುಗಿಸುವುದು, ಕುದುರೆಯ ಖುರಪುಟಕ್ಕೆ ತೆಂಗಿನ ಕರಟ ಬಡಿಯುವುದು ರಂಗಭೂಮಿಯ ಹಳೆಯ ಉಪಾಯಗಳು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಕಂಡಿತು. ಅದು ತಯಾರಾದದ್ದು ಕೊಲ್ಲಾಪುರದ ಸ್ಟುಡಿಯೊದಲ್ಲಿ, ಅದರಲ್ಲಿದ್ದವರು ರಂಗಭೂಮಿಯಿಂದ ಬಂದ ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರಂಥ ನಟರು. ರಂಗದ ದನಿ ಹಾಗೆಯೇ ಚಿತ್ರದ ದನಿಯೂ ಆಯಿತು.

1950ರ ಜನವರಿ 8ರಂದು ಧಾರವಾಡದಲ್ಲಿ ಬಾನುಲಿ ಕೇಂದ್ರ ಶುರುವಾಯಿತು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲೇ ಮನೆಯಿಂದ ಆಕಾಶವಾಣಿ ನಡೆಸಿದ್ದರೂ, ಈ ಸೀಮೆಯ ಆಡುಮಾತು, ಹಾಡು, ಕೃಷಿಯ ಸುದ್ದಿ ಗಾಳಿಯಲ್ಲಿ ತೇಲಿಬಂದದ್ದು ಧಾರವಾಡ ಕೇಂದ್ರದಿಂದ. ರೇಡಿಯೊ ನಾಟಕದಲ್ಲಿ ಪರದೆ ಇಲ್ಲ, ವೇಷವಿಲ್ಲ. ಬಾಗಿಲ ಕಿರುಗು, ಬಾವಿಯ ಗಡಗಡೆ, ದೂರದಿಂದ ಹತ್ತಿರಾಗುವ ಹೆಜ್ಜೆ ಇವೇ ದೃಶ್ಯ. ನಟ ಮೈಕಿಗೆ ಒಂದು ಮೊಳ ಹತ್ತಿರ ಬಂದರೆ ಗುಟ್ಟಿನ ಮಾತು, ಎರಡು ಹೆಜ್ಜೆ ಹಿಂದೆ ಸರಿದು ಮುಖ ತಿರುಗಿಸಿದರೆ ಅಂಗಳದ ಕೂಗು. ಕೇಳುಗನ ಮನಸ್ಸಿನಲ್ಲಿ ಮನೆ, ಹೊಲ, ಹಾದಿಗಳನ್ನು ಕಟ್ಟಿದ್ದು ಈ ಅಂತರದ ಲೆಕ್ಕ.

ಬಾನುಲಿಗೆ ಒಂದು ಕಟ್ಟುನಿಟ್ಟೂ ಇತ್ತು. ಆಲ್ ಇಂಡಿಯಾ ರೇಡಿಯೊ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರವಿಟ್ಟಿತ್ತು. ಸ್ಥಿರ ಸ್ವರಗಳ ಆ ಪೆಟ್ಟಿಗೆಯಲ್ಲಿ ಸೂಕ್ಷ್ಮ ಶ್ರುತಿಗಳೂ ಮೀಂಡೂ ಹೊರಡವು ಎಂಬುದು ಆಕ್ಷೇಪ. ಪೇಟಿಯ ಆಸರೆಯಲ್ಲೇ ಬೆಳೆದ ನಾಟಕದ ಹಾಡುಗಾರರ ಸೀಮೆಗೆ ಇದು ದೊಡ್ಡ ಕೊರತೆ. ಆದರೂ ಟ್ರಾನ್ಸಿಸ್ಟರ್ ರೇಡಿಯೊ ಹೊಲದ ಬದುವಿಗೂ ಬಂದಮೇಲೆ, ಗಂಗೂಬಾಯಿ ಅವರ ಹಾಡನ್ನು ಕೇಳಲು ಮೆಹಫಿಲಿನ ಕರೆ ಬೇಕಾಗಲಿಲ್ಲ.

ಊರಿನ ಮಟ್ಟಕ್ಕೆ ಎಲ್ಲಕ್ಕಿಂತ ಹೆಚ್ಚು ಬದಲಾವಣೆ ತಂದದ್ದು ಮೈಕ್ ಸೆಟ್. ಮದುವೆ, ಜಾತ್ರೆ, ಉರುಸು, ಚುನಾವಣೆ ಎಲ್ಲಕ್ಕೂ ಮರದ ಕೊಂಬೆಗೆ ಕಟ್ಟಿದ ಹಾರ್ನ್ ಸ್ಪೀಕರ್ ಬೇಕಾಯಿತು. ಹಾರ್ನ್ ಮಧ್ಯಮ ಸ್ವರಗಳನ್ನು ಗಟ್ಟಿಯಾಗಿ ದೂರ ಒಯ್ಯುತ್ತದೆ, ಮಂದ್ರವನ್ನು ಬಿಟ್ಟುಬಿಡುತ್ತದೆ. ಅದಕ್ಕೇ ಮಾತು ಪಕ್ಕದ ಊರಿಗೂ ಕೇಳುತ್ತದೆ, ಹಾಡು ತೆಳುವಾಗುತ್ತದೆ. ಸುಗ್ಗಿ ಮುಗಿದ ಮೇಲೆ ಊರವರು ಆಡುವ ನಾಟಕಗಳಲ್ಲಿ ರಂಗದ ಮೇಲ್ಗಡೆಯಿಂದ ಮೈಕ್ ಇಳಿಬಿಡುವ ಪದ್ಧತಿ ಬಂತು. ನಟ ತನ್ನ ಮಾತು ಬಂದಾಗ ಮೈಕಿನ ಕೆಳಗೆ ಬಂದು ನಿಲ್ಲಬೇಕು, ಮುಗಿದೊಡನೆ ಇನ್ನೊಬ್ಬನಿಗೆ ಜಾಗ ಬಿಡಬೇಕು. ಹೀಗೆ ರಂಗಚಲನೆಯನ್ನೇ ಮೈಕ್ ನಿರ್ದೇಶಿಸಿತು. ಬರಬರುತ್ತ ಹಾರ್ಮೋನಿಯಂ ಪಕ್ಕಕ್ಕೆ ಕ್ಯಾಸಿಯೋ, ತಬಲದ ಪಕ್ಕಕ್ಕೆ ರಿದಂ ಪ್ಯಾಡ್ ಬಂದವು.

ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಕ್ಯಾಸೆಟ್ 1980ರ ದಶಕದಲ್ಲಿ ಹಳ್ಳಿಗಳನ್ನು ತಲುಪಿತು. ಅದರ ಹಿರಿಮೆಯೆಂದರೆ ಕೇಳುವ ಯಂತ್ರವೇ ಮುದ್ರಿಸುವ ಯಂತ್ರವೂ ಆದದ್ದು. ಕೆಂಪು ಗುಂಡಿ ಒತ್ತಿದರೆ ಸಾಕು, ಅಜ್ಜಿಯ ಬೀಸುಕಲ್ಲಿನ ಪದವೂ ಭಜನೆಯ ರಾತ್ರಿಯೂ ಸುರುಳಿಗೆ ಇಳಿದವು. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ 1978ರಲ್ಲಿ ಭಾವಗೀತೆಯ ಕ್ಯಾಸೆಟ್ಟಿಗೆ ದಾರಿ ತೆರೆದಿತ್ತು. ಸಿ. ಅಶ್ವತ್ಥ್ ಅವರ ಸ್ವರ ಸಂಯೋಜನೆಯಲ್ಲಿ ಶರೀಫರ ಪದಗಳು ನಾಡಿನ ಮನೆಮನೆಗೆ ಹೋದವು, 1990ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೂ ಅಶ್ವತ್ಥ್ ಅವರದೇ ಸಂಗೀತ. ಏಕತಾರಿಯ ಜಾಗದಲ್ಲಿ ವಾದ್ಯವೃಂದ ಬಂದಿತು. ಅದರಿಂದ ಪದಗಳಿಗೆ ಹೊಸ ಕೇಳುಗರು ಸಿಕ್ಕರು. ಆದರೆ ಒಂದೇ ಪದವನ್ನು ಒಂದೊಂದು ಊರಿನಲ್ಲಿ ಒಂದೊಂದು ಮಟ್ಟಿನಲ್ಲಿ ಹಾಡುವ ವೈವಿಧ್ಯ, ಕ್ಯಾಸೆಟ್ಟಿನ ಮಟ್ಟೇ ಮೂಲವೆಂದು ಜನ ನಂಬತೊಡಗಿದಂತೆ ಹಿಂದೆ ಸರಿಯಿತು.

ಮುಂದೆ ಸಿ.ಡಿ., ಮೆಮೊರಿ ಕಾರ್ಡ್, ಮೊಬೈಲ್ ಫೋನುಗಳು ಒಂದರ ಹಿಂದೊಂದು ಬಂದವು. ಮೆರವಣಿಗೆಯಲ್ಲಿ ಡೊಳ್ಳಿನ ಜಾಗಕ್ಕೆ ಡಿಜೆ ನುಗ್ಗಿತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ದನಿಯನ್ನು ದೊಡ್ಡದು ಮಾಡುವ ವಿದ್ಯೆ ಎಷ್ಟು ಸುಲಭವಾಯಿತೋ ತಗ್ಗಿಸುವ ವಿವೇಕ ಅಷ್ಟೇ ಅಗತ್ಯವಾಯಿತು.

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು ಈ ಚರಿತ್ರೆಗೆ ಒಪ್ಪುವ ಸಂಗತಿ. ಮಾಡಬೇಕಾದ ಕೆಲಸ ಮನೆಗಳಲ್ಲೂ ಇದೆ. ಕ್ಯಾಸೆಟ್ಟಿನ ಸುರುಳಿ ನಾಲ್ಕು ಮಿಲಿಮೀಟರಿಗಿಂತ ಕಿರಿದಾದ ಪಟ್ಟಿ. ಅದರ ಮೇಲಿನ ಕಾಂತಪುಡಿಯ ಲೇಪ ವರ್ಷ ಕಳೆದಂತೆ ಉದುರುತ್ತದೆ, ತಂಪಿಗೆ ಬೂಷ್ಟು ಹಿಡಿಯುತ್ತದೆ. ಟ್ರಂಕಿನ ತಳದಲ್ಲಿರುವ ಭಜನೆ, ನಾಟಕ, ಸೋಬಾನೆಯ ಕ್ಯಾಸೆಟ್ಟುಗಳನ್ನು ಈಗಲೇ ಕಂಪ್ಯೂಟರಿಗೆ ಇಳಿಸಿಡಬೇಕು. ಹಾಡಿದವರ ಹೆಸರು, ಊರು, ವರ್ಷವನ್ನು ಅದರೊಂದಿಗೆ ಬರೆದಿಡಬೇಕು. ಶರೀಫರ ದನಿ ಈ ನಾಡಿಗೆ ಸಿಗಲಿಲ್ಲ. ಅವರ ಪದ ಹಾಡುವ ಇಂದಿನ ಹಿರಿಯರ ದನಿ ಮುಂದಿನವರಿಗೆ ಸಿಗಲೇಬೇಕು.