ಹೆಸರುಗಳ ಕೌದಿ: ಏಡ್ಸ್ ಕಳಂಕ ಮತ್ತು ಸ್ಮಾರಕಕಲೆ

ಮಧ್ಯಯುಗೀನ ಕನ್ನಡನಾಡಿನಲ್ಲಿ ತುರುಗೋಳಿನಲ್ಲಿ ಮಡಿದವನಿಗೆ ವೀರಗಲ್ಲನ್ನೂ ಸಲ್ಲೇಖನದಿಂದ ದೇಹ ತೊರೆದವರಿಗೆ ನಿಸಿದಿಗಲ್ಲನ್ನೂ ನಿಲ್ಲಿಸುತ್ತಿದ್ದರು. ಇವು ಸಮಾಜ ಮೆಚ್ಚಿದ ಸಾವುಗಳು. ಸಮಾಜ ಹೇಸಿದ ಸಾವಿಗೆ ಸ್ಮಾರಕವೆಲ್ಲಿ? ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ದೊರೆತ ಒಂದು ಉತ್ತರವನ್ನು ಇಲ್ಲಿ ಪರಿಶೀಲಿಸುತ್ತೇವೆ.

1981ರಲ್ಲಿ ಅಮೆರಿಕದಲ್ಲಿ ಮೊದಲು ವರದಿಯಾದ ಏಡ್ಸನ್ನು ಸಲಿಂಗಕಾಮಿ ಪುರುಷರ ರೋಗವೆಂದೇ ಜನ ಬಗೆದರು. ರೋಗದೊಡನೆ ನೈತಿಕ ಅಪವಾದವೂ ಅಂಟಿಕೊಂಡಿತು. ಶವಸಂಸ್ಕಾರಕ್ಕೆ ಒಪ್ಪದ ಸಂಸ್ಥೆಗಳಿದ್ದವು. ಸಾವಿನ ಕಾರಣವನ್ನು ಮರೆಮಾಚಿದ ಕುಟುಂಬಗಳೂ ಇದ್ದವು.

1985ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದೀಪ ಮೆರವಣಿಗೆಯೊಂದರಲ್ಲಿ ಕ್ಲೀವ್ ಜೋನ್ಸ್ ಅವರ ಕೋರಿಕೆಯಂತೆ ಜನರು ಮೃತರ ಹೆಸರುಗಳನ್ನು ಫಲಕಗಳಲ್ಲಿ ಬರೆದು ಸರ್ಕಾರಿ ಕಟ್ಟಡದ ಗೋಡೆಗೆ ಅಂಟಿಸಿದರು. ಆ ಗೋಡೆ ಜೋನ್ಸ್ ಅವರಿಗೆ ಕೌದಿಯಂತೆ ಕಂಡಿತು. 1987ರಲ್ಲಿ 'ನೇಮ್ಸ್ ಪ್ರಾಜೆಕ್ಟ್' ಆರಂಭವಾಯಿತು. ಪ್ರತಿ ಪಟ್ಟಿಯ ಅಳತೆ 3 ಅಡಿ ಅಗಲ, 6 ಅಡಿ ಉದ್ದ. ಅಂದರೆ ಒಂದು ಗೋರಿಯಷ್ಟು. ಅಂಗಿ, ಜೀನ್ಸ್, ಆಟದ ಗೊಂಬೆಗಳನ್ನು ತಾಯಂದಿರೂ ಸಂಗಾತಿಗಳೂ ಗೆಳೆಯರೂ ಅದರಲ್ಲಿ ಹೊಲಿದರು. ಅದೇ ವರ್ಷ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ಬಯಲಿನಲ್ಲಿ 1,920 ಪಟ್ಟಿಗಳನ್ನು ಹಾಸಿ ಹೆಸರುಗಳನ್ನು ಗಟ್ಟಿಯಾಗಿ ಓದಲಾಯಿತು. ಕಳಂಕವು ಅಡಗಿಸಿದ್ದ ಹೆಸರುಗಳು ರಾಜಧಾನಿಯಲ್ಲಿ ಕೇಳಿಬಂದವು.

ಶೋಕವಷ್ಟೇ ಸಾಲದು ಎಂದವರೂ ಇದ್ದರು. 1987ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ 'ಆ್ಯಕ್ಟ್ ಅಪ್' ಸಂಘಟನೆಯು, ಮೌನವೆಂದರೆ ಮರಣ ಎಂಬರ್ಥದ ಭಿತ್ತಿಚಿತ್ರವನ್ನು ತನ್ನ ಪ್ರತಿಭಟನೆಗಳಲ್ಲಿ ಬಳಸಿತು. ಅದರಲ್ಲಿದ್ದ ಗುಲಾಬಿ ತ್ರಿಕೋನವು ನಾಜಿ ಶಿಬಿರಗಳಲ್ಲಿ ಸಲಿಂಗಕಾಮಿ ಬಂದಿಗಳಿಗೆ ಹಚ್ಚಿದ್ದ ಗುರುತು. 1988ರ ಅಕ್ಟೋಬರಿನಲ್ಲಿ ಶ್ವೇತಭವನದ ಮುಂದೆ 8,288 ಪಟ್ಟಿಗಳು ಹಾಸಿದ್ದ ಎರಡೇ ದಿನಗಳ ತರುವಾಯ, ಔಷಧಗಳಿಗೆ ಶೀಘ್ರ ಅನುಮತಿ ಕೋರಿ ಈ ಸಂಘಟನೆಯವರು ಆಹಾರ ಮತ್ತು ಔಷಧ ಆಡಳಿತದ ಕೇಂದ್ರ ಕಚೇರಿಗೆ ಮುತ್ತಿಗೆ ಹಾಕಿದರು. ಶೋಕ ಮತ್ತು ಪ್ರತಿಭಟನೆಗಳನ್ನು ಪರಸ್ಪರ ವಿರೋಧಿಗಳೆಂದು ಕಾಣುವುದು ಉಚಿತವಲ್ಲವೆಂದು ನಮ್ಮ ಅಭಿಪ್ರಾಯ. ಒಂದು ಮೃತರ ಘನತೆಯನ್ನು ಸ್ಥಾಪಿಸಿತು. ಮತ್ತೊಂದು ಬದುಕಿರುವವರ ಹಕ್ಕನ್ನು ಕೇಳಿತು.

ಆದರೂ ಕೆಲವು ಪಟ್ಟಿಗಳಲ್ಲಿ ಪೂರ್ಣ ಹೆಸರಿಲ್ಲವೆಂಬುದು ಗಮನಾರ್ಹ. ಅಲ್ಲಿ ಭಯ ಉಳಿದಿತ್ತು. ಭಾರತದ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ತಾರತಮ್ಯವನ್ನು ನಿಷೇಧಿಸುವುದರೊಂದಿಗೆ, ಸೋಂಕಿತರ ಸ್ಥಿತಿಯನ್ನು ಅವರ ಸಮ್ಮತಿಯಿಲ್ಲದೆ ಬಯಲುಮಾಡುವುದನ್ನು ಸಾಮಾನ್ಯವಾಗಿ ತಡೆಯುತ್ತದೆ. ಹೆಸರನ್ನು ಪ್ರೀತಿಯಿಂದ ಹೊಲಿಯುವುದು ಬೇರೆ, ಹೆಸರನ್ನು ಬಯಲಿಗೆಳೆಯುವುದು ಬೇರೆ. ಕಳಂಕವನ್ನು ಎದುರಿಸುವ ಕಲೆಯು ಈ ಅಂತರವನ್ನು ಮರೆಯಬಾರದು. ಇಂದು ಸುಮಾರು 50,000 ಪಟ್ಟಿಗಳಿರುವ ಈ ಕೌದಿಯ ಇತಿಹಾಸದಿಂದ ನಾವು ಗ್ರಹಿಸಬೇಕಾದುದು ಇದನ್ನೇ.