ತೆನೆ ಇನ್ನೂ ಗದ್ದೆಯಲ್ಲೇ ಇರುವಾಗ: ಮೊಂತಿ ಫೆಸ್ತ್‌ನ ಕಥೆ

ಭಾಗ 1

ಸೆಪ್ಟೆಂಬರ್ 8ರಂದು ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಗಳಿಗೆ ಊಟಕ್ಕೆ ಹೋದರೆ ಮೀನೂ ಇಲ್ಲ, ಮಾಂಸವೂ ಇಲ್ಲ. ಸೊರ್ಪೊತೆಲ್ ಆಸೆಯಲ್ಲಿ ಹೋದವರಿಗೆ ನಿರಾಸೆ ಗ್ಯಾರಂಟಿ. ಬಾಳೆ ಎಲೆ ಮೇಲೆ ಅಲಸಂಡೆ, ಬೆಂಡೆ, ಹರಿವೆ, ಹೀರೆ, ಕೆಸುವಿನ ದಂಟು, ಕೊನೆಗೆ ಹೆಸರುಬೇಳೆ ಪಾಯಸ. ತರಕಾರಿ ಪದಾರ್ಥಗಳ ಲೆಕ್ಕ ಬೆಸ ಸಂಖ್ಯೆಯಲ್ಲೇ ಇರಬೇಕು ಅಂತ ಹಿರಿಯರ ಹಟ.

ಇದು ಮೊಂತಿ ಫೆಸ್ತ್. ಚರ್ಚಿನ ಕ್ಯಾಲೆಂಡರ್ ಪ್ರಕಾರ ಮಾತೆ ಮರಿಯಮ್ಮನ ಹುಟ್ಟುಹಬ್ಬ. ಊರಿನ ಕ್ಯಾಲೆಂಡರ್ ಪ್ರಕಾರ ತೆನೆ ಹಬ್ಬ. ಮೊದಲ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಶಿಶು ಮರಿಯಮ್ಮನಿಗೆ ಹಾಕುತ್ತಾರೆ. ಹಬ್ಬದ ದಿನ ಫಾದರ್ ತೆನೆಗಳನ್ನು ಆಶೀರ್ವದಿಸಿ ಮನೆಗೊಂದಿಷ್ಟು ಕೊಡುತ್ತಾರೆ, ಹೂ ತಂದ ಮಕ್ಕಳಿಗೆ ಕಬ್ಬು. ಮನೆಯಲ್ಲಿ ಆ ತೆನೆಯ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಹಾಕಿ, ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಕೊಂಕಣಿಯಲ್ಲಿ ಇದಕ್ಕೆ 'ನವೆಂ' ಅಂತಾರೆ. ಹೊಸತು ಅಂತ ಅರ್ಥ.

ಭಾಗ 2

ಈ ಹಬ್ಬ ಬರುವ ಹೊತ್ತನ್ನು ಸ್ವಲ್ಪ ಗಮನಿಸಿ.

ಇದಕ್ಕೆ ಹಿಂದಿನ ತಿಂಗಳು ಆಟಿ. ಈಗ ಆಟಿ ಅಂದರೆ ಕಾಲೇಜಿನಲ್ಲಿ 'ಆಟಿಡೊಂಜಿ ದಿನ' ಕಾರ್ಯಕ್ರಮ, ಪತ್ರೊಡೆ, ರೀಲ್ಸ್. ಆದರೆ ಅಜ್ಜಿಯಂದಿರ ಕಾಲದ ಆಟಿ ಹಸಿವಿನ ತಿಂಗಳು. ಹೊರಗೆ ಬಿಡದ ಮಳೆ, ಒಳಗೆ ತಳ ಕಂಡ ಅಕ್ಕಿ ಮುಡಿ. ಕೆಸುವಿನ ಎಲೆ, ತಜಂಕು, ಬೇಸಿಗೆಯಲ್ಲಿ ಕೂಡಿಟ್ಟ ಹಲಸಿನ ಬೀಜ, ಇವನ್ನೆಲ್ಲ ತಿಂದದ್ದು ರುಚಿಗಿಂತ ಹೆಚ್ಚಾಗಿ ಬೇರೆ ಏನೂ ಇಲ್ಲದ್ದಕ್ಕೆ. ಆಮೇಲೆ ಸೋಣ ತಿಂಗಳು. ಮಳೆ ಸ್ವಲ್ಪ ಉಸಿರು ಬಿಡುತ್ತದೆ, ಏಣೆಲು ಬೆಳೆಯಲ್ಲಿ ತೆನೆ ಮೂಡುತ್ತದೆ. ಮೊಂತಿ ಫೆಸ್ತ್ ಬರುವುದು ಆಗ. ಬೆಳೆ ಇನ್ನೂ ಗದ್ದೆಯಲ್ಲೇ ಉಂಟು. ಕೊಯ್ಲಾಗಿಲ್ಲ, ಕಣಜ ತುಂಬಿಲ್ಲ. ನಡುವೆ ಒಂದು ಜೋರು ಮಳೆ ಬಂದರೆ ಎಲ್ಲ ನೆಲ ಕಚ್ಚಬಹುದು.

ಅಂದರೆ ಈ ಹಬ್ಬದಲ್ಲಿ ದೇವರಿಗೆ ವಂದನೆ ಹೇಳುವುದು ಇಡೀ ಬೆಳೆಗಲ್ಲ, ಕೈಗೆ ಬಂದ ಮೊದಲ ನಾಲ್ಕು ತೆನೆಗೆ.

ಇದು ಕ್ರೈಸ್ತರೇ ಕಂಡುಹಿಡಿದ ಆಚಾರ ಅಂತ ಯಾರೂ ಹೇಳಲ್ಲ. ತುಳುವರ ಮನೆಗಳಲ್ಲಿ ಕುರಲ್ ಕಟ್ಟುವುದು, ಪುದ್ವಾರ್ ಊಟ, ಗೋವಾದ ಹಳ್ಳಿಗಳಲ್ಲಿ 'ಕಣ್ಸಾಚೆಂ ಫೆಸ್ತ್', ಎಲ್ಲದರ ಬೇರು ಒಂದೇ ಮಣ್ಣಿನಲ್ಲಿದೆ. ಗೋವಾ ಬಿಟ್ಟು ಇಲ್ಲಿಗೆ ಬಂದ ಕ್ಯಾಥೊಲಿಕರಲ್ಲಿ ತುಂಬ ಮಂದಿ ಬೇಸಾಯಗಾರರು. ಕೆಳದಿ ನಾಯಕರು ಅವರನ್ನು ಬರಮಾಡಿಕೊಂಡದ್ದೂ ಗದ್ದೆ ಮಾಡಬಲ್ಲವರು ಅಂತಲೇ.

ಭಾಗ 3

ಮಂಗಳೂರಿನ ಕಡೆ ಈ ಹಬ್ಬಕ್ಕೆ ಈಗಿನ ರೂಪ ಕೊಟ್ಟವರು ಫಾದರ್ ಜೋಕಿಂ ಮಿರಾಂದ, 1763ರಲ್ಲಿ, ಫರಂಗಿಪೇಟೆಯಲ್ಲಿ ಎಂಬುದು ಸಮುದಾಯದ ನಂಬಿಕೆ. ನೇತ್ರಾವತಿ ದಂಡೆಯ ಗುಡ್ಡದ ಮೇಲಿನ ಇಗರ್ಜಿಯ ಹೆಸರು ಮೊಂತೆ ಮರಿಯಾನೊ. 'ಮೊಂತೆ' ಅಂದರೆ ಪೋರ್ಚುಗೀಸಿನಲ್ಲಿ ಗುಡ್ಡ. ಮೊಂತಿ ಫೆಸ್ತ್ ಅಂದರೆ, ಸರಳವಾಗಿ, ಗುಡ್ಡದ ಹಬ್ಬ.

1763 ಹೈದರಾಲಿ ಕೆಳದಿಯವರ ಬಿದನೂರನ್ನು ಗೆದ್ದ ವರ್ಷವೂ ಹೌದು. ಕರಾವಳಿಯ ಒಡೆತನ ಆಗ ಕೈ ಬದಲಾಯಿತು. ಹೊಸ ದೊರೆ ಹೇಗೋ ಏನೋ ಎಂಬ ಭಯ ಎಲ್ಲರಿಗೂ ಇದ್ದೀತು. ಆದರೆ ಹೈದರಾಲಿಗೂ ಮಿರಾಂದರಿಗೂ ಒಳ್ಳೆಯ ಸ್ನೇಹ ಇತ್ತು ಅಂತ ಚರ್ಚಿನ ಇತಿಹಾಸಗಳು ನೆನಪಿಸುತ್ತವೆ. ಅಲ್ಲಿಂದ ಇಪ್ಪತ್ತು ವರ್ಷ ಬದುಕು ಹಾಗೂ ಹೀಗೂ ನಡೆಯಿತು.

ಭಾಗ 4 (ಇದು ಸ್ವಲ್ಪ ಉದ್ದ, ನಿಧಾನ ಓದಿ)

1783ರಲ್ಲಿ ಎರಡನೇ ಮೈಸೂರು ಯುದ್ಧದ ನಡುವೆ ಬ್ರಿಟಿಷರು ಮಂಗಳೂರು ಹಿಡಿದರು. ಟಿಪ್ಪು ಸುಲ್ತಾನ್ ಮುತ್ತಿಗೆ ಹಾಕಿ ಅದನ್ನು ಹಿಂದಕ್ಕೆ ಪಡೆದ. ಇಲ್ಲಿನ ಕ್ರೈಸ್ತರು ಶತ್ರುವಿಗೆ ನೆರವಾದರು ಎಂಬುದು ಅವನ ಆರೋಪ. 1784ರ ಫೆಬ್ರವರಿ ಕೊನೆಗೆ, ಬೂದಿ ಬುಧವಾರದ ಹೊತ್ತಿಗೆ, ಕುಟುಂಬ ಕುಟುಂಬಗಳನ್ನೇ ಹಿಡಿದು, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿದರು. ಎಷ್ಟು ಮಂದಿ ಅನ್ನುವುದರಲ್ಲಿ ಒಮ್ಮತ ಇಲ್ಲ. ಮೂವತ್ತು ಸಾವಿರ ಅನ್ನುವವರಿಂದ ಎಂಬತ್ತು ಸಾವಿರ ಅನ್ನುವವರ ತನಕ ಇದ್ದಾರೆ. ದಾರಿಯಲ್ಲೇ ತುಂಬ ಜನ ಸತ್ತರು. ಉಳಿದವರಲ್ಲಿ ಹಲವರನ್ನು ಸೈನ್ಯಕ್ಕೆ ಸೇರಿಸಿದರು, ಹಲವರನ್ನು ಮತಾಂತರ ಮಾಡಿಸಿದರು. ಪಾದ್ರಿಗಳನ್ನು ಗೋವಾಕ್ಕೆ ಓಡಿಸಿದರು. ಇಗರ್ಜಿಗಳನ್ನು ಕೆಡವಿದರು, 1680ರಲ್ಲಿ ಕಟ್ಟಿದ ಮಿಲಾಗ್ರಿಸ್ ಕೂಡ ಉಳಿಯಲಿಲ್ಲ. ಮೂಡುಬಿದಿರೆ ಬಳಿಯ ಹೊಸಬೆಟ್ಟಿನ ಇಗರ್ಜಿ ಮಾತ್ರ ಉಳಿದದ್ದು ಅಲ್ಲಿನ ಜೈನ ಅರಸ ಚೌಟರ ಮಾತಿನಿಂದ ಅಂತಾರೆ.

ಟಿಪ್ಪು ಹೆಸರು ಬಂದ ಕೂಡಲೇ ಎರಡು ಪಾರ್ಟಿ ಆಗಿ ಜಗಳ ಶುರುವಾಗುತ್ತದೆ, ಗೊತ್ತುಂಟು. ನನಗೆ ಆ ಜಗಳದಲ್ಲಿ ಆಸಕ್ತಿ ಇಲ್ಲ ಮಾರಾಯ್ರೆ. ಎರಡೂ ಕಡೆಯವರಿಗೆ ಆ ಸೆರೆಯಾಳುಗಳು ಬರೀ ಒಂದು ಅಂಕಿ. ನನಗೆ ಕಾಡುವುದು ಬೇರೆ ಪ್ರಶ್ನೆ. ಹದಿನೈದು ವರ್ಷ! ಪೂಜೆ ಹೇಳಲು ಪಾದ್ರಿ ಇಲ್ಲ, ಇಗರ್ಜಿ ಇಲ್ಲ, ಗದ್ದೆಯಂತೂ ಇಲ್ಲವೇ ಇಲ್ಲ. 1784ರಲ್ಲಿ ಐದು ವರ್ಷದ ಮಗು, ಹೊರಬರುವಾಗ ಇಪ್ಪತ್ತರ ಪ್ರಾಯದ ಹೆಂಗಸು. ಆಕೆಗೆ ಜಪ ಹೇಳಿಕೊಟ್ಟವರು ಯಾರು? ಮನೆಯ ಹಿರಿಯರಲ್ಲದೆ ಬೇರೆ ಯಾರಿಗೂ ಸಾಧ್ಯವಿರಲಿಲ್ಲ. ನಮ್ಮ ಪುಸ್ತಕಗಳಲ್ಲಿ ದೊರೆ, ಪಾದ್ರಿ, ಕಲೆಕ್ಟರ್‌ಗಳ ಹೆಸರು ಸಿಗುತ್ತದೆ, ಆ ತಾಯಂದಿರದ್ದು ಸಿಗಲ್ಲ.

ಭಾಗ 5

1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಬದುಕಿ ಉಳಿದವರು ಬಿಡುಗಡೆಯಾದರು. ಕೆಲವರು ಮೈಸೂರು ಸೀಮೆಯಲ್ಲೇ ಉಳಿದರು, ಕೆಲವರು ಬೇರೆ ಕಡೆ ಹೋದರು, ಬಹಳಷ್ಟು ಮಂದಿ ಘಟ್ಟ ಇಳಿದರು.

ಈಗ ಒಂದು ಸಣ್ಣ ಲೆಕ್ಕ. ಮೇ 4ಕ್ಕೆ ಬಿಡುಗಡೆ. ಜೂನ್‌ಗೆ ಮುಂಗಾರು. ಏಣೆಲು ನಾಟಿ ಆಗುವುದು ಆ ಮಳೆಯಲ್ಲೇ. ಊರಿಗೆ ಬಂದು ನೋಡಿದರೆ ಗದ್ದೆ ಬೇರೆಯವರ ಕೈಯಲ್ಲಿ, ಎತ್ತು ಇಲ್ಲ, ಬೀಜ ಇಲ್ಲ, ಮನೆಯ ಮಾಡು ಯಾವಾಗಲೋ ಕುಸಿದಿದೆ. ಆ ವರ್ಷ ಸೆಪ್ಟೆಂಬರ್ 8 ಭಾನುವಾರ ಬಿದ್ದಿತ್ತು. ಬಂದವರಲ್ಲಿ ಎಷ್ಟು ಜನರ ಕೈಯಲ್ಲಿ ತಮ್ಮದೇ ಗದ್ದೆಯ ತೆನೆ ಇದ್ದೀತು? ಲೆಕ್ಕ ಹಾಕಿದರೆ ಹೆಚ್ಚು ಕಮ್ಮಿ ಯಾರ ಕೈಯಲ್ಲೂ ಇಲ್ಲ. ಜಮೀನು ಹಿಂದಕ್ಕೆ ಸಿಕ್ಕಿದ್ದು ಆಮೇಲೆ, ಬ್ರಿಟಿಷ್ ಕಲೆಕ್ಟರುಗಳ ಕಾಲದಲ್ಲಿ. ಥಾಮಸ್ ಮನ್ರೋ ಕೆನರಾಕ್ಕೆ ಬಂದದ್ದು ಆ ವರ್ಷವೇ. ಇಗರ್ಜಿಗಳು ಮತ್ತೆ ಎದ್ದದ್ದಂತೂ ವರ್ಷಗಟ್ಟಲೆ ಕೆಲಸ.

ಆದರೂ ಹಬ್ಬ ಉಳಿಯಿತು. ಹೇಗೆ ಅಂತ ಯೋಚಿಸುವಾಗ ಆ ನಾಲ್ಕು ತೆನೆಯೇ ನೆನಪಾಗುತ್ತದೆ. ಕಣಜ ತುಂಬಿದ ಮೇಲೆ ಮಾತ್ರ ಮಾಡುವ ಹಬ್ಬವಾಗಿದ್ದರೆ 1784ಕ್ಕೇ ನಿಂತು ಹೋಗುತ್ತಿತ್ತೇನೋ. ಇದಕ್ಕೆ ಬೇಕಾದದ್ದು ಸ್ವಲ್ಪವೇ. ಒಂದು ಹಿಡಿ ಹೂ, ಒಂದು ತೆನೆ, ಮನೆಮಂದಿ. ಪಕ್ಕದ ಗದ್ದೆಯವರು ಕೊಟ್ಟ ತೆನೆಯಾದರೂ ನಡೆಯುತ್ತದೆ.

ಒಂದು ಮಾತು. ಕಷ್ಟ ಬಂದದ್ದೇ ಒಳ್ಳೆಯದಾಯಿತು, ಅದರಿಂದ ವಿಶ್ವಾಸ ಗಟ್ಟಿಯಾಯಿತು ಅಂತ ಕೆಲವರು ಬರೆಯುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ದಾರಿಯಲ್ಲಿ ಸತ್ತವರ ಪರವಾಗಿ ಹಾಗೆ ಹೇಳಲು ನಾವು ಯಾರು? ಬದುಕಿ ಬಂದವರು ವಂದನೆ ಹೇಳಿದ್ದು ಸೆರೆಗಲ್ಲ, ಅಕ್ಕಿಗೆ.

ಭಾಗ 6

ಈಗಿನ ಕಥೆ ನಿಮಗೇ ಗೊತ್ತು. ಗದ್ದೆ ಹೋಗಿ ಸೈಟ್ ಆಯಿತು, ಅಡಿಕೆ ತೋಟ ಆಯಿತು, ಎಷ್ಟೋ ಕಡೆ ಹಡಿಲು ಬಿದ್ದಿದೆ. ಪೇಟೆಯ ಚರ್ಚ್‌ಗಳಿಗೆ ತೆನೆ ಹೊರಗಿನಿಂದ ತರಿಸಬೇಕು. ಮುಂಬೈ, ದುಬೈ, ಕುವೈತ್‌ನಲ್ಲಿ ಇರುವ ಮಕ್ಕಳಿಗೆ ಊರಿನ ಅಮ್ಮಂದಿರು ಒಣಗಿಸಿದ ತೆನೆಯ ಕಾಳನ್ನು ಕವರಿನಲ್ಲಿ ಹಾಕಿ ಕಳಿಸುತ್ತಾರೆ. ಅಲ್ಲಿ ಮರಳುಗಾಡಿನ ಫ್ಲ್ಯಾಟಿನಲ್ಲಿ, ಆಟಿಯೂ ಗೊತ್ತಿಲ್ಲದ ಸೋಣವೂ ಗೊತ್ತಿಲ್ಲದ ಮಗು ಪ್ಯಾಕೆಟ್ ಹಾಲಿನಲ್ಲಿ ಏಳೆಂಟು ಕಾಳಿನ ಪುಡಿ ಕದಡಿ ಕುಡಿಯುತ್ತದೆ. 'ಇದು ಯಾವ ಗದ್ದೆದು?' ಅಂತ ಆ ಮಗು ಕೇಳಿದರೆ ಹೇಳಲಿಕ್ಕೆ ಈ ಆರು ಭಾಗ ಸೇವ್ ಮಾಡಿಟ್ಟುಕೊಳ್ಳಿ.

#ಮೊಂತಿಫೆಸ್ತ್ #ತೆನೆಹಬ್ಬ #ಕರಾವಳಿಇತಿಹಾಸ