ವಿಜಯಪುರ ಜಿಲ್ಲೆಯ ಹಳೆಯ ಪ್ರವಾಸ ಬರಹಗಳು

ವಿಜಯಪುರ ಜಿಲ್ಲೆಯ ಹಳೆಯ ಪ್ರವಾಸ ಬರಹಗಳು ಎಂದರೆ ಹದಿನೇಳರಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಈ ಸೀಮೆಗೆ ಬಂದ ರಾಯಭಾರಿಗಳು, ಯಾತ್ರಿಕರು ಹಾಗೂ ಅಧಿಕಾರಿಗಳು ಬರೆದಿಟ್ಟ ವೃತ್ತಾಂತಗಳು. ಇವುಗಳಲ್ಲಿ ಹೆಚ್ಚಿನವು ರಾಜಧಾನಿಯಾಗಿದ್ದ ಬಿಜಾಪುರ ನಗರವನ್ನು ಕುರಿತವು. ಅಕ್ಬರನ ರಾಯಭಾರಿಯಾಗಿ ಬಂದಿದ್ದ ಅಸದ್ ಬೇಗ್ 1604ರ ಸುಮಾರಿಗೆ ಇಲ್ಲಿನ ಪೇಟೆಯನ್ನು ವರ್ಣಿಸಿದ್ದಾನೆ. ಇಲ್ಲಿಂದ ಹೊಗೆಸೊಪ್ಪನ್ನು ಮೊಗಲ್ ಆಸ್ಥಾನಕ್ಕೆ ಒಯ್ದವನೂ ಅವನೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೀಮೆಗಳು ಇಂಥವರಿಗೆ ಬಹುಮಟ್ಟಿಗೆ ದಾರಿಯ ಊರುಗಳು ಮಾತ್ರ.

ಹಳ್ಳಿಗಾಡು ವಿವರವಾಗಿ ದಾಖಲಾದದ್ದು ಕಂದಾಯದ ಕಾರಣದಿಂದ. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಪ್ರಾಂತ್ಯದ ಗೆಜೆಟಿಯರ್ ಮಾಲೆಯ 23ನೆಯ ಸಂಪುಟ (1884) ಬಿಜಾಪುರ ಜಿಲ್ಲೆಗೆ ಮೀಸಲಾಗಿದೆ. ಇದು ಪ್ರವಾಸಕಥನವಲ್ಲವಾದರೂ ಮಣ್ಣು, ಬೆಳೆ, ದಾರಿ, ಸಂತೆ, ಗುಡಿ, ಶಾಸನಗಳನ್ನು ಊರೂರಿನ ಹೆಸರು ಹಿಡಿದು ಹೇಳುತ್ತದೆ. ನೆರೆಯ ಸುರಪುರದಲ್ಲಿ ಆಡಳಿತ ನಡೆಸಿದ ಫಿಲಿಪ್ ಮೆಡೋಸ್ ಟೇಲರನ ಆತ್ಮಚರಿತ್ರೆಯನ್ನು (1877) ಇದರ ಜೊತೆಗಿಟ್ಟು ಓದಬಹುದು.

== ಬದಲಾದ ನೆಲ ==

ಗೆಜೆಟಿಯರ್ ಕಂಡದ್ದು ಬರದಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ ನಾಡು. 1872ರಲ್ಲಿ ಎಂಟು ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ, 1876–78ರ ಕ್ಷಾಮದ ನಂತರ, 1881ರ ಗಣತಿಯಲ್ಲಿ ಆರೂವರೆ ಲಕ್ಷಕ್ಕೂ ಕೆಳಗಿಳಿದಿತ್ತು. ಆಗ ಬದುಕು ಮಳೆಯನ್ನೂ ಡೋಣಿ ದಂಡೆಯ ಎರೆಹೊಲದ ಬಿಳಿಜೋಳವನ್ನೂ ನಂಬಿತ್ತು. ತುಂಬಿದ ಕೃಷ್ಣೆಯನ್ನು ತೊಗಲು ಹೊದಿಸಿದ ಹರಿಗೋಲಿನಲ್ಲಿ ದಾಟಬೇಕಾಗಿತ್ತು. ಬಿಜಾಪುರಕ್ಕೆ ರೈಲು ಬಂದದ್ದೇ 1880ರ ದಶಕದಲ್ಲಿ.

1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟು ಮತ್ತು ಕೆಳಗಿನ ನಾರಾಯಣಪುರದ ಬಸವಸಾಗರ ಈ ಚಿತ್ರವನ್ನು ಅಳಿಸಿದವು. ಬಸವನ ಬಾಗೇವಾಡಿ, ಮುದ್ದೇಬಿಹಾಳ ಭಾಗದ ನದಿದಂಡೆಯ ಹಳ್ಳಿಗಳು ಹಿನ್ನೀರಿಗೆ ಸೇರಿದವು; ಹಳೆಯ ಕೊಲ್ಹಾರ ಮುಳುಗಿ, ಊರು ಎತ್ತರದ ನೆಲಕ್ಕೆ ಬಂದಿತು. ಇತ್ತ ಕಾಲುವೆಯ ನೀರು ಸಿಂದಗಿ, ಇಂಡಿ ಕಡೆಗೂ ಹರಿದು, ಜೋಳದ ಹೊಲಗಳಲ್ಲಿ ಕಬ್ಬು ಕಾಣಿಸಿಕೊಂಡಿತು. ಮುಳುಗಿದ ದಂಡೆಯ ಹಾದಿ, ಕಡವು, ಗುಡಿಗಳನ್ನು ಹುಡುಕುವವರು ಇಂದು ಪರಕೀಯರ ಈ ಕಂದಾಯದ ಪುಸ್ತಕವನ್ನೇ ತೆರೆಯಬೇಕಾಗಿದೆ.

== ಮಿತಿಗಳು ==

ಗೆಜೆಟಿಯರಿನ ಜಾತಿವರ್ಣನೆಗಳನ್ನು ಎಚ್ಚರಿಕೆಯಿಂದ ಓದಬೇಕು. ಇಡೀ ಸಮುದಾಯವೊಂದನ್ನು ದುಡಿಮೆಗಾರರು, ಕೊಳಕರು, ಜಿಪುಣರು ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸುವ ಧೋರಣೆ ಅಲ್ಲಿದೆ. ಹೊಲ, ಹಾದಿ, ಕಲ್ಲುಗಳ ವಿಷಯದಲ್ಲಿ ನಂಬಬಹುದಾದ ಕಣ್ಣು ಮನುಷ್ಯರ ವಿಷಯದಲ್ಲಿ ಆಳುವವರ ಕಣ್ಣೇ ಆಗಿದೆ. ಸ್ಥಳನಾಮಗಳೂ ಬದಲಾಗಿವೆ: ಅಂದಿನ ಬಾಗೇವಾಡಿ ಇಂದು ಬಸವನ ಬಾಗೇವಾಡಿ, ಬಿಜಾಪುರವು 2014ರ ನವೆಂಬರ್ 1ರಿಂದ ವಿಜಯಪುರ. ಅಂದಿನ ಜಿಲ್ಲೆಯ ದಕ್ಷಿಣದ ತಾಲೂಕುಗಳಾದ ಬಾಗಲಕೋಟೆ, ಬಾದಾಮಿ, ಹುನಗುಂದಗಳು 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿವೆ. ಹಳೆಯ ಅಂಕಿಗಳನ್ನು ಇಂದಿನವುಗಳೊಡನೆ ಹೋಲಿಸುವಾಗ ಈ ಗಡಿ ವ್ಯತ್ಯಾಸವನ್ನು ಗಮನಿಸಬೇಕು.